ಬ್ರೇಕರ್ ಎತ್ತರ ಕಟ್ಟಿದಷ್ಟೂ ಗಾಡಿ ನಿಧಾನ ಆಗ್ತಾವಾ?

ಪ್ರಶ್ನೆ: ನಮ್ಮ ಬಡಾವಣೆಯ ಶಾಲೆ ಮುಂದೆ ಗಾಡಿಗಳು ಹಿಡಿತ ಇಲ್ದಂಗ ಓಡ್ತಾವ. ಅರ್ಜಿ ಕೊಟ್ಟು ಕೊಟ್ಟು ಸಾಕಾಗೇದ. ಓಣಿ ಮಂದಿ ರೊಕ್ಕ ಕೂಡಿಸಿ ನಾವೇ ಒಂದು ಗಟ್ಟಿ ಬ್ರೇಕರ್ ಕಟ್ಟಿಸಬೇಕಂತ ಮಾಡೀವಿ. ಎಷ್ಟು ಎತ್ತರ ಇರಬೇಕು?

ಉತ್ತರ: ಹತ್ತು ಸೆಂಟಿಮೀಟರ್. ಅದರ ಮೇಲೆ ಒಂದು ಬೆರಳೂ ಬೇಡ. ನೀವು ಕೇಳದೆ ಬಿಟ್ಟದ್ದು ಉದ್ದ. ಗಾಡಿ ಓಡುವ ದಿಕ್ಕಿನಲ್ಲಿ ಅದು 3.7 ಮೀಟರ್ ಇರಬೇಕು, ಅಂದರೆ 12 ಅಡಿ.

ಕಲಬುರಗಿಯ ಜೇವರ್ಗಿ ರಸ್ತೆಯ ಬಡಾವಣೆಯಿಂದ ಬರಲಿ, ಬೀದರಿನಿಂದ ಬರಲಿ, ಯಾದಗಿರಿಯಿಂದ ಬರಲಿ, ಈ ಪ್ರಶ್ನೆ ಬರುವುದೇ ಹೀಗೆ. ಎಲ್ಲರೂ ಎತ್ತರ ಕೇಳುತ್ತಾರೆ, ಉದ್ದವನ್ನು ಯಾರೂ ಕೇಳುವುದಿಲ್ಲ. ‘ಎತ್ತರ ಇದ್ದರೆ ಹೆದರಿ ನಿಧಾನ ಬರ್ತಾರೆ’ ಎಂಬ ನಂಬಿಕೆ ಅಷ್ಟು ಆಳಕ್ಕೆ ಇಳಿದಿದೆ. ಎಷ್ಟು ಸಲ ಬರೆದರೂ ಹೋಗುತ್ತಿಲ್ಲ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಓಣಿಗಳಲ್ಲಿ ಗೌಂಡಿ ಕೈಯಿಂದ ಕಟ್ಟಿಸುವ ಬ್ರೇಕರ್ ಸಾಮಾನ್ಯವಾಗಿ ಅರ್ಧ ಮೀಟರ್ ಉದ್ದ, 15 ಸೆಂಟಿಮೀಟರ್ ಎತ್ತರ ಇರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಆ ಅರ್ಧ ಮೀಟರನ್ನು ಅದರ ಚಕ್ರ ದಾಟುವುದಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬೇಕಿಲ್ಲ. ಅಷ್ಟರಲ್ಲಿ ಟೈರು ಅಮುಕಿಕೊಳ್ಳುತ್ತದೆ, ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಮೇಲಿನ ಒಡಲಿಗೆ ಏಳಲು ಪುರಸೊತ್ತೇ ಇರುವುದಿಲ್ಲ. ಕೆಳಗೆ ಧಡ್ ಎಂದ ಸದ್ದು ಕೇಳಿಸುತ್ತದೆ, ಸೀಟಿನಲ್ಲಿ ಕೂತವರಿಗೆ ಅಷ್ಟೇನೂ ತಾಗುವುದಿಲ್ಲ. ವೇಗ ಹೆಚ್ಚಿದರೆ ಇನ್ನೂ ಕಡಿಮೆ ತಾಗುತ್ತದೆ. ಭಾರೀ ಸ್ಪ್ರಿಂಗಿನ ಜೀಪು, ದೊಡ್ಡ ಕಾರು ಓಡಿಸುವವರಿಗೆ ಇದು ಅನುಭವದಿಂದ ಗೊತ್ತು. ಅದಕ್ಕೇ ಅವರು ಬ್ರೇಕ್ ಮುಟ್ಟದೆ ಹಾರಿಸಿಕೊಂಡು ಹೋಗುತ್ತಾರೆ.

ಅದೇ ಚಕ್ರ 3.7 ಮೀಟರಿನ ದಿಬ್ಬ ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ಇಷ್ಟು ಹೊತ್ತಿನಲ್ಲಿ ಇಡೀ ಒಡಲು ಮೇಲೆದ್ದು ಕೆಳಗೆ ಬೀಳುತ್ತದೆ. ವೇಗ ಹೆಚ್ಚಿದಷ್ಟೂ ಕೂತವರು ಹೆಚ್ಚು ಎಗರುತ್ತಾರೆ. 25 ಕಿಲೋಮೀಟರಿನಲ್ಲಿ ದಾಟಿದರೆ ತೊಟ್ಟಿಲು ತೂಗಿದ ಹಾಗೆ ಇರುತ್ತದೆ, 45ರಲ್ಲಿ ತಲೆ ಸೂರಿಗೆ ಹೋಗುತ್ತದೆ. ಚಾಲಕ ಹೆದರಬೇಕಾದದ್ದು ಇದಕ್ಕೆ. ಈ ಆಕಾರವನ್ನು 1973ರಲ್ಲಿ ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯದಲ್ಲಿ ವಾಟ್ಸ್ ಎಂಬ ಸಂಶೋಧಕರು ಬೇರೆ ಬೇರೆ ದಿಬ್ಬಗಳ ಮೇಲೆ ವಾಹನ ಓಡಿಸಿ ನೋಡಿ ನಿರ್ಧರಿಸಿದರು. ರಸ್ತೆಗಳ ಮಾನದಂಡ ರೂಪಿಸುವ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಮಾರ್ಗಸೂಚಿ 1988ರಲ್ಲಿ ಹೇಳಿದ್ದೂ ಅದನ್ನೇ: 3.7 ಮೀಟರ್ ಉದ್ದ, 0.10 ಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು, ದಾಟುವ ವೇಗ 25 ಕಿಲೋಮೀಟರ್. ಇವು ಮೂರು ಬಿಡಿ ಅಳತೆಗಳಲ್ಲ. 3.7ರ ವರ್ಗವನ್ನು 17ರ ಎಂಟರಷ್ಟರಿಂದ ಭಾಗಿಸಿ ನೋಡಿ, 0.10 ಬರುತ್ತದೆ. ಉದ್ದ ಕಡಿಮೆ ಮಾಡಿ ಎತ್ತರ ಉಳಿಸಿಕೊಂಡರೆ ಕಮಾನೇ ಬೇರೆಯಾಗಿ ಬಿಡುತ್ತದೆ, ವೇಗದ ಲೆಕ್ಕವೂ ಕೆಡುತ್ತದೆ.

ಹಾಗಾದರೆ ಉದ್ದದಲ್ಲಿ ಗಿಡ್ಡ, ಎತ್ತರದಲ್ಲಿ ಹೆಚ್ಚಿನ ಬ್ರೇಕರಿನ ಪೆಟ್ಟು ಯಾರಿಗೆ? ನಿಧಾನವಾಗಿ ಹೋಗುವವರಿಗೇ. ಸೈಕಲ್ಲಿನ ಹುಡುಗನಿಗೆ, ಬೈಕಿನ ಹಿಂದೆ ಒಂದು ಬದಿಗೆ ಕಾಲು ಹಾಕಿ ಕೂಸು ಹಿಡಿದು ಕೂತ ತಾಯಿಗೆ, ಆಟೋದಲ್ಲಿ ಆಸ್ಪತ್ರೆಗೆ ಹೊರಟ ಬಸುರಿಗೆ. ಬಣ್ಣವಿಲ್ಲದ, ದೀಪವಿಲ್ಲದ ಬ್ರೇಕರ್ ರಾತ್ರಿ ಬೈಕಿಗೆ ಎದುರಾದರೆ ಮುಂದಿನ ಚಕ್ರ ಹೊರಳುತ್ತದೆ, ಹಿಂದೆ ಕೂತವರು ಮೊದಲು ಬೀಳುತ್ತಾರೆ. ಮಕ್ಕಳ ಜೀವ ಉಳಿಸಲು ಕಟ್ಟಿದ್ದು ಇನ್ನೊಬ್ಬರ ಮಕ್ಕಳನ್ನು ಕೆಡವಬಾರದು.

ಇಷ್ಟಾದರೂ ಗಿಡ್ಡ ಬ್ರೇಕರೇ ಊರ ತುಂಬ ಯಾಕಿದೆ ಅಂದರೆ ಖರ್ಚು. 6 ಮೀಟರ್ ಅಗಲದ ರಸ್ತೆಗೆ ಸರಿಯಾದ ದಿಬ್ಬ ಹಾಕಲು ಸುಮಾರು ಒಂದೂವರೆ ಘನ ಮೀಟರ್, ಅಂದರೆ ಮೂರೂವರೆ ಟನ್ ಡಾಂಬರು ಮಿಶ್ರಣ ಬೇಕು. ಜೊತೆಗೆ ರೋಲರ್ ಬೇಕು. ಗಿಡ್ಡದ್ದಕ್ಕೆ ಒಂದೆರಡು ಚೀಲ ಸಿಮೆಂಟು, ಒಂದಿಷ್ಟು ಉಸುಕು, ಖಡಿ, ಒಬ್ಬ ಗೌಂಡಿ ಸಾಕು. ರೊಕ್ಕ ಕೂಡಿಸಿದ ಓಣಿ ಮಂದಿಗೆ ಎರಡನೆಯದೇ ಸುಲಭವಾಗಿ ಕಾಣುತ್ತದೆ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಪರವಾನಗಿ ಇಲ್ಲದೆ ಅಡ್ಡಿ ಮಾಡಿ ಯಾರಾದರೂ ಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಕಟ್ಟಿಸಿದವರ ಮೇಲೇ ಬರುತ್ತದೆ. ನೀವು ಕಟ್ಟಬೇಡಿ, ಕಟ್ಟಿಸಿಕೊಳ್ಳಿ.

25–30 ಕಿಲೋಮೀಟರ್ ಎಂದು ಇಷ್ಟು ಹಟ ಯಾಕೆ ಅಂತಲೂ ಕೇಳುತ್ತೀರಿ. ಮಗು ಎದುರಿಗೆ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯಿರಿ. 30ರ ವೇಗದ ಗಾಡಿ ಒಣ ರಸ್ತೆಯಲ್ಲಿ ಒಟ್ಟು 13 ಮೀಟರಿನೊಳಗೆ ನಿಲ್ಲುತ್ತದೆ. 50ರ ವೇಗದ ಗಾಡಿ ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಓಡಿರುತ್ತದೆ. ಮೊದಲನೆಯದು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಬ್ರೇಕ್ ಹಿಡಿದೇ ಇರುವುದಿಲ್ಲ.

ಈಗ ಕೆಲಸದ ಮಾತು. ಮೊದಲು ರಸ್ತೆ ಯಾರದು ತಿಳಿದುಕೊಳ್ಳಿ. ಬಡಾವಣೆಯ ಒಳರಸ್ತೆ ಪಾಲಿಕೆಯದು ಇರಬಹುದು. ಬಡಾವಣೆ ಇನ್ನೂ ಹಸ್ತಾಂತರ ಆಗದಿದ್ದರೆ ನಗರಾಭಿವೃದ್ಧಿ ಪ್ರಾಧಿಕಾರದ ಹತ್ತಿರ ಹೋಗಬೇಕಾಗುತ್ತದೆ, ಮುಖ್ಯರಸ್ತೆಯಾದರೆ ಲೋಕೋಪಯೋಗಿ ಇಲಾಖೆಗೆ. ಎಷ್ಟೋ ಅರ್ಜಿಗಳು ಕೊಳೆಯುವುದು ತಪ್ಪು ಕಚೇರಿಯ ಮೇಜಿನ ಮೇಲೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಬ್ರೇಕರ್ ಕೇಳಲೇಬೇಡಿ. ಅಲ್ಲಿದ್ದವನ್ನೇ ಕಿತ್ತು ಹಾಕಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲಿ ಹೇಳಿದೆ. ಹುಮನಾಬಾದ್ ಕಡೆಯಿಂದ ಊರೊಳಗೆ ಬರುವ ಹೆದ್ದಾರಿಯ ಮೇಲೆ ಕೇಳಬೇಕಾದದ್ದು ರಸ್ತೆ ಮಧ್ಯೆ ಜನ ನಿಲ್ಲಲು ತಂಗುಗಟ್ಟೆ ಮತ್ತು ಸಿಗ್ನಲ್.

‘ಗಾಡಿ ಜೋರಾಗಿ ಓಡುತ್ತವೆ’ ಎಂಬ ಮಾತಿಗೆ ಕಚೇರಿಯಲ್ಲಿ ತೂಕವಿಲ್ಲ, ಅಂಕಿಗೆ ಇದೆ. ರಸ್ತೆಯಂಚಿನಲ್ಲಿ ಟೇಪು ಹಿಡಿದು 50 ಮೀಟರ್ ಅಳೆದು ಎರಡೂ ತುದಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗಾಡಿ ಮೊದಲ ಗೆರೆ ದಾಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದಕ್ಕೆ ನಿಲ್ಲಿಸಿ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ: 6 ಸೆಕೆಂಡಿಗೆ 30, ನಾಲ್ಕೂವರೆಗೆ 40, 3.6ಕ್ಕೆ 50. ಶಾಲೆ ಬಿಡುವ ಹೊತ್ತಿಗೆ ಅಳೆದರೆ ಗದ್ದಲಕ್ಕೇ ಗಾಡಿ ನಿಧಾನ ಆಗಿರುತ್ತವೆ. ಆಗ ನಿಮ್ಮ ಅಂಕಿಯೇ ನಿಮಗೆ ವಿರುದ್ಧ ನಿಲ್ಲುತ್ತದೆ. ಶಾಲೆ ಆರಂಭಕ್ಕೆ ಅರ್ಧ ತಾಸು ಮೊದಲು ಅಳೆಯಿರಿ, ನೂರು ಗಾಡಿ ಆಗುವತನಕ ಎರಡು ಮೂರು ದಿನ ಹಿಡಿದರೂ ಸರಿ. ವೇಗದ ಇಳಿಕೆ ಕ್ರಮದಲ್ಲಿ ಬರೆದು 15ನೇ ಗಾಡಿಯ ವೇಗಕ್ಕೆ ಸುತ್ತು ಗೆರೆ ಹಾಕಿ. ನೂರರಲ್ಲಿ 85 ಗಾಡಿ ಆ ವೇಗ ಮೀರಿರುವುದಿಲ್ಲ. ಎಂಜಿನಿಯರುಗಳು ನೋಡುವುದು ಆ ಒಂದು ಸಂಖ್ಯೆಯನ್ನು. ಒಂದು ತಾಸಿನಲ್ಲಿ ಎಷ್ಟು ಮಕ್ಕಳು ರಸ್ತೆ ದಾಟಿದರು ಎಂಬ ಎಣಿಕೆಯನ್ನೂ ಲಗತ್ತಿಸಿ.

ಜಾಗ ಆರಿಸುವಾಗ ಜಗಳ ಆಗುವುದು ಖಚಿತ, ಏಕೆಂದರೆ ಬ್ರೇಕರ್ ಎಲ್ಲರಿಗೂ ಬೇಕು, ತಮ್ಮ ಮನೆ ಮುಂದೆ ಯಾರಿಗೂ ಬೇಡ. ಅವರ ಆಕ್ಷೇಪಣೆಯಲ್ಲಿ ಹುರುಳಿದೆ. ಖಾಲಿ ಟ್ರಾಲಿ ಎಗರಿದ ಸದ್ದಿಗೆ ರಾತ್ರಿ ನಿದ್ದೆ ಹಾಳಾಗುತ್ತದೆ, ಎರಿ ಮಣ್ಣಿನ ಮೇಲಿನ ಹಳೇ ಮನೆಗೆ ಅದುರೂ ತಾಗುತ್ತದೆ. ಎರಡು ಮನೆಗಳ ಗಡಿ ಗೋಡೆಗೆ ಸರಿಯಾಗಿ, ಗೇಟಿಗೆ ಅಡ್ಡ ಬಾರದ ಹಾಗೆ, ಬೀದಿ ದೀಪದ ಬೆಳಕು ಬೀಳುವಲ್ಲಿ ಗುರುತಿಸಿ. ಅಕ್ಕಪಕ್ಕದ ಆ ಎರಡು ಮನೆಯವರ ಸಹಿ ಮೊದಲು ಹಾಕಿಸಿ. ಓಣಿಯ ಇನ್ನೂರು ಸಹಿಗಿಂತ ಆ ಎರಡಕ್ಕೆ ಬೆಲೆ ಹೆಚ್ಚು. ಅರ್ಜಿಯ ಪ್ರತಿ ಸಂಚಾರ ಪೊಲೀಸರಿಗೂ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಹೋಗಲಿ. ಸ್ವೀಕೃತಿ ಮೊಹರು ಇಲ್ಲದೆ ಹೊರಗೆ ಬರಬೇಡಿ. ರಸ್ತೆ ವಿನ್ಯಾಸದ ಮಾನದಂಡ ಪಾಲಿಸದೆ ಸಾವು, ಅಂಗವೈಕಲ್ಯ ಆದರೆ ಸಂಬಂಧಪಟ್ಟ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಮೋಟಾರು ವಾಹನ ಕಾಯ್ದೆಯ 198ಎ ಕಲಂ 2019ರ ತಿದ್ದುಪಡಿಯಿಂದ ಹೇಳುತ್ತದೆ. ಅರ್ಜಿಯಲ್ಲಿ ಆ ಕಲಮಿನ ಉಲ್ಲೇಖ ಒಂದು ಸಾಲು ಇರಲಿ.

ಕೆಲಸ ನಡೆಯುವ ದಿನ ಓಣಿಯವರು ಅಲ್ಲೇ ನಿಂತಿರಬೇಕು. 3.7 ಮೀಟರ್ ಉದ್ದದ ಪ್ಲೈವುಡ್ ಅಚ್ಚು ತಂದಿದ್ದಾರಾ ನೋಡಿ. ಕಣ್ಣಳತೆಯಲ್ಲಿ ಸುರಿದರೆ ಮತ್ತೆ ಗಿಡ್ಡ ಗೂನೇ ಆಗುತ್ತದೆ. ನಡು 10 ಸೆಂಟಿಮೀಟರ್ ಇದ್ದರೆ, ನಡುವಿನಿಂದ ಅರ್ಧ ಮೀಟರ್ ಸರಿದಾಗ 9.3, ಒಂದು ಮೀಟರಿಗೆ 7.1, ಒಂದೂವರೆಗೆ 3.4 ಇರಬೇಕು. ಹಳೇ ಮೇಲ್ಮೈ ಕೆತ್ತಿ ಒರಟು ಮಾಡಿ, ಧೂಳು ಗುಡಿಸಿ, ಟ್ಯಾಕ್ ಕೋಟ್ (ಹಳೇ ಹೊಸ ಪದರ ಅಂಟಿಸುವ ತೆಳು ಡಾಂಬರು) ಹೊಡೆಯದಿದ್ದರೆ ನಮ್ಮ ಬೇಸಿಗೆಯಲ್ಲಿ ಲಾರಿ ಬ್ರೇಕ್ ಹಿಡಿದಾಗ ದಿಬ್ಬವೇ ಜಾರಿ ಮುಂದಕ್ಕೆ ಸರಿಯುತ್ತದೆ. ಅಂಚಿನಲ್ಲಿ ಮಳೆನೀರಿಗೆ ಒಂದು ಗೇಣು ದಾರಿ ಬಿಡಿ. ಎರಡು ಗೇಣು ಬಿಟ್ಟರೆ ಬೈಕುಗಳೆಲ್ಲ ಅಲ್ಲಿಂದಲೇ ನುಸುಳಿ ನಡೆಯುವವರ ಕಾಲ ಮೇಲೆ ಬರುತ್ತವೆ. ಪಟ್ಟೆಗೆ ಗಾಜಿನ ಹರಳು ಬೆರೆತ ಥರ್ಮೋಪ್ಲಾಸ್ಟಿಕ್ ಬಣ್ಣವನ್ನೇ ಕೇಳಿ, ಮಾಮೂಲಿ ಬಣ್ಣ ಒಂದು ಮಳೆಗಾಲ ತಾಳುವುದಿಲ್ಲ. ಎರಡೂ ಕಡೆ 40 ಮೀಟರ್ ಮೊದಲೇ ಎಚ್ಚರಿಕೆ ಫಲಕ ಇರಲಿ. ಸಿಟಿ ಬಸ್ ಓಡುವ ದಾರಿಯಾದರೆ ಕಮಾನಿನ ಬದಲು ಮೇಲೆ ಸಪಾಟಾದ ಕಟ್ಟೆ ಕೇಳಿ. ಅದೇ ಹತ್ತು ಸೆಂಟಿಮೀಟರ್ ಎತ್ತರ, ಎರಡೂ ಬದಿ ಒಂದೂವರೆ ಮೀಟರ್ ಇಳಿಜಾರು. ಅದರ ಮೇಲೆಯೇ ಮಕ್ಕಳು ದಾಟಬಹುದು. ನನ್ನನ್ನು ಕೇಳಿದರೆ ಶಾಲೆ ಮುಂದೆ ಎಲ್ಲಕ್ಕಿಂತ ಒಳ್ಳೆಯದು ಇದೇ.

ಯಾರೂ ಕೇಳದ ಒಂದು ಮಾತಿದೆ, ಅದನ್ನು ಹೇಳದೆ ಬಿಡಲಾರೆ. ಇದೇ ಎತ್ತರದ ನಂಬಿಕೆ ಫುಟ್‌ಪಾತಿಗೂ ಅಂಟಿದೆ. ಚರಂಡಿ ಮೇಲೆ ಶಹಾಬಾದ್ ಪರ್ಸಿ ಹಾಸಿ ಮೊಣಕಾಲೆತ್ತರಕ್ಕೆ ಏರಿಸಿದರೆ ಅಜ್ಜಿ ಅದನ್ನು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾಳೆ. ಅದು 15 ಸೆಂಟಿಮೀಟರ್ ಮೀರಬಾರದು, 1.8 ಮೀಟರ್ ಅಡ್ಡಿಯಿಲ್ಲದ ಅಗಲ ಇರಬೇಕು. ಆದರೆ ಅದಕ್ಕಿಂತ ದೊಡ್ಡ ಕೇಡು ರಸ್ತೆಯೇ ಎತ್ತರ ಆಗುತ್ತಿರುವುದು. ಹಳೇ ಡಾಂಬರು ಕೆತ್ತದೆ ಪ್ರತಿ ಸಲ ಅದರ ಮೇಲೆಯೇ ಮೂರು ನಾಲ್ಕು ಸೆಂಟಿಮೀಟರ್ ಸುರಿದರೆ ನಾಲ್ಕೈದು ಸಲಕ್ಕೆ ರಸ್ತೆ ಮುಕ್ಕಾಲು ಗೇಣು ಮೇಲೆ ಬರುತ್ತದೆ. ಮಳೆನೀರು ಮನೆಯೊಳಗೆ ನುಗ್ಗುತ್ತದೆ. ಮನೆಯವರು ಅಂಗಳ ಏರಿಸಿ ರ್ಯಾಂಪನ್ನು ರಸ್ತೆಗೆ ಇಳಿಬಿಡುತ್ತಾರೆ. ಸಾಲಾಗಿ ನಿಂತ ರ್ಯಾಂಪುಗಳ ನಡುವೆ ನಡೆಯಲು ಜಾಗವಿಲ್ಲದೆ ಜನ ನಟ್ಟನಡುವಿಗೆ ಬರುತ್ತಾರೆ. ನೀವು ಇಷ್ಟು ಕಷ್ಟಪಟ್ಟು ಹಾಕಿಸಿದ ದಿಬ್ಬವೂ ಹೊಸ ಡಾಂಬರಿನಡಿ ಅಳತೆ ಕಳೆದುಕೊಳ್ಳುತ್ತದೆ.

ಆದ್ದರಿಂದ ನಿಮ್ಮ ರಸ್ತೆಗೆ ಡಾಂಬರೀಕರಣ ಮಂಜೂರಾಗಿದೆ ಎಂದು ಕೇಳಿದ ವಾರವೇ ಅಂದಾಜು ಪಟ್ಟಿಯ ಪ್ರತಿ ತೆಗೆಸಿಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ ಬರೆಯಿರಿ. ಪಟ್ಟಿಯಲ್ಲಿ ‘ಮಿಲ್ಲಿಂಗ್’, ಅಂದರೆ ಹಳೇ ಡಾಂಬರು ಕೆತ್ತಿ ತೆಗೆಯುವ ಬಾಬತ್ತು ಇಲ್ಲದಿದ್ದರೆ ಕೆಲಸ ಶುರುವಾಗುವ ಮೊದಲೇ ಸೇರಿಸಲು ಕೇಳಿ, ರೋಲರ್ ಬಂದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೂ ಮುಂಚೆ ನಿಮ್ಮ ಗೇಟಿನ ಕಂಬದ ಮೇಲೆ, ಈಗಿನ ರಸ್ತೆ ಮಟ್ಟದಿಂದ ಸರಿಯಾಗಿ ಒಂದು ಮೀಟರ್ ಎತ್ತರಕ್ಕೆ ಕೆಂಪು ಗೆರೆ ಎಳೆದು, ತಾರೀಖು ಬರೆದು, ಟೇಪು ಹಿಡಿದ ಹಾಗೆಯೇ ಫೋಟೋ ತೆಗೆದಿಡಿ.