ಊರು ಒಗ್ಗಟ್ಟಾಗಿದ್ದು ಯಾಕೆ? ಕಂದಾಯ, ನೀರು, ನೇಗಿಲಿನ ಕತೆ

ಹಿಂದೆ ಹಳ್ಳಿಗಳು ಹೇಗಿದ್ದವು ಅಂತ ಯಾರನ್ನಾದರೂ ಕೇಳಿ, ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಬೇಕಾದ್ದೆಲ್ಲ ಊರೊಳಗೇ ಸಿಗುತ್ತಿತ್ತು, ಕಷ್ಟ ಅಂದರೆ ಎಲ್ಲರೂ ಓಡಿ ಬರುತ್ತಿದ್ದರು, ರಾಜರು ಬಂದರೂ ಹೋದರೂ ಊರು ಮಾತ್ರ ಹಾಗೇ ಇತ್ತು. ಈ ಮಾತು ಇಷ್ಟು ಗಟ್ಟಿಯಾಗಿ ಬೇರೂರಲು ಒಬ್ಬ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಯ ಪಾಲು ದೊಡ್ಡದು. 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ತನ್ನ ಟಿಪ್ಪಣಿಯೊಂದರಲ್ಲಿ ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳು ಎಂದು ಕರೆದ. ಆ ಸಾಲನ್ನು ಆಮೇಲೆ ಎಷ್ಟು ಜನ ಎತ್ತಿಕೊಂಡರೋ ಲೆಕ್ಕವಿಲ್ಲ. ಆದರೆ ಅವನು ಅದನ್ನು ಬರೆದ ಸಂದರ್ಭ ಹೆಚ್ಚಿನವರಿಗೆ ನೆನಪಿಲ್ಲ. ಕಂದಾಯವನ್ನು ಒಬ್ಬೊಬ್ಬ ರೈತನಿಂದ ವಸೂಲಿ ಮಾಡಬೇಕೋ, ಇಡೀ ಊರಿನಿಂದ ಒಟ್ಟಿಗೆ ಮಾಡಬೇಕೋ ಅನ್ನುವ ಜಗಳ ನಡೆದಿತ್ತು, ಮೆಟ್ಕಾಫ್ ಊರಿನ ಪರ ವಾದಿಸುತ್ತಿದ್ದ.

ಹಳ್ಳಿ ಸಮುದಾಯದ ಚರಿತ್ರೆಯನ್ನು ಎಲ್ಲಿ ಕೆದಕಿದರೂ ಈ ಕಂದಾಯ ಎದುರಾಗುತ್ತದೆ. ಅದರ ಜೊತೆಗೆ ನೀರು, ಮತ್ತೆ ಉಳುಮೆ. ಜನ ಒಗ್ಗಟ್ಟಾಗಿದ್ದದ್ದು ಒಳ್ಳೆಯವರಾಗಿದ್ದರು ಅಂತಲ್ಲ, ಒಬ್ಬರೇ ನಿಭಾಯಿಸಲಾಗದ ಕೆಲಸ ಮತ್ತು ಒಬ್ಬರೇ ತಪ್ಪಿಸಿಕೊಳ್ಳಲಾಗದ ಹೊರೆ ಇತ್ತು ಅಂತ.

ಶುರುವಿನಲ್ಲಿ ಕಂದಾಯ ಕೇಳುವವರೇ ಇರಲಿಲ್ಲ ಅನ್ನಿಸುತ್ತದೆ. ಈಗಿನ ಟರ್ಕಿಯಲ್ಲಿರುವ ಚಾತಲ್‌ಹೊಯುಕ್‌ನಲ್ಲಿ ಸುಮಾರು 9000 ವರ್ಷಗಳ ಹಿಂದೆ ಸಾವಿರಾರು ಜನ ಒಟ್ಟಿಗೆ ಬದುಕಿದ್ದರು. ಅಲ್ಲಿ ಬೀದಿಗಳೇ ಇಲ್ಲ. ಮನೆಗೆ ಮನೆ ಅಂಟಿಕೊಂಡಿದೆ, ಬಾಗಿಲು ಇಲ್ಲ, ಚಾವಣಿಯ ಮೇಲೆ ನಡೆದು ಏಣಿಯಲ್ಲಿ ಒಳಗೆ ಇಳಿಯಬೇಕು. ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಅರಮನೆ ಅನ್ನುವಂಥದ್ದು ಒಂದೂ ಸಿಕ್ಕಿಲ್ಲ, ಮನೆಗಳೂ ತೀರಾ ದೊಡ್ಡದು ತೀರಾ ಚಿಕ್ಕದು ಅನ್ನುವಂತಿಲ್ಲ. ಸಾವಿರ ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು. ಇಂಥ ಊರುಗಳ ಪಕ್ಕ ರಾಜ, ಸೈನ್ಯ, ಕಣಜ ಬಂದಮೇಲೆ ಕತೆಯೇ ಬೇರೆ.

ಮಧ್ಯಯುಗದ ಇಂಗ್ಲೆಂಡಿನ ಊರನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಒಗ್ಗಟ್ಟಿನ ಒಳಗುಟ್ಟು ಅಲ್ಲಿ ಚೆನ್ನಾಗಿ ಕಾಣುತ್ತದೆ. ಊರಿಗೆ ಎರಡೋ ಮೂರೋ ದೊಡ್ಡ ಬಯಲು ಹೊಲಗಳು, ನಡುವೆ ಬೇಲಿ ಇಲ್ಲ. ಪ್ರತಿ ಮನೆಯವರ ಪಾಲು ಉದ್ದುದ್ದ ಪಟ್ಟಿಗಳಾಗಿ ಆ ಬಯಲುಗಳ ತುಂಬ ಚದುರಿಕೊಂಡಿರುತ್ತಿತ್ತು, ಹಾಗಾಗಿ ಒಳ್ಳೆ ಮಣ್ಣು ಕೆಟ್ಟ ಮಣ್ಣು ಎರಡೂ ಎಲ್ಲರಿಗೂ ಬರುತ್ತಿತ್ತು. ಪ್ರತಿ ವರ್ಷ ಒಂದು ಬಯಲನ್ನು ಬೀಳು ಬಿಡಬೇಕು. ಭಾರದ ನೇಗಿಲು ಎಳೆಯಲು ಎಂಟು ಎತ್ತುಗಳವರೆಗೂ ಕಟ್ಟುತ್ತಿದ್ದರು, ಅಷ್ಟು ಎತ್ತು ಎಷ್ಟು ಮನೆಯಲ್ಲಿರುತ್ತವೆ ಹೇಳಿ? ಕೂಡಿ ಹೂಡಲೇಬೇಕು. ಕೊಯ್ಲು ಮುಗಿದ ಮೇಲೆ ಊರಿನ ದನಗಳೆಲ್ಲ ಕೂಳೆ ಮೇಯಲು ಹೊಲಕ್ಕೆ ಬರುತ್ತವೆ, ಅಂದರೆ ನಾನು ತಡವಾಗಿ ಬಿತ್ತುತ್ತೇನೆ, ನನಗಿಷ್ಟವಾದ ಬೆಳೆ ಹಾಕುತ್ತೇನೆ ಅಂತ ಯಾರೂ ಹಟ ಹಿಡಿಯುವಂತಿಲ್ಲ. ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಅನ್ನುವ ಊರಿನಲ್ಲಿ ಈ ಪದ್ಧತಿ ಇವತ್ತಿಗೂ ಉಳಿದಿದೆ. ವರ್ಷಕ್ಕೊಮ್ಮೆ ಊರಿನವರದೇ ತಂಡ ಹೊಲ ಸುತ್ತುತ್ತದೆ, ದಾರಿಯನ್ನು ಒತ್ತಿ ಉತ್ತವರಿಗೆ ದಂಡ ಹಾಕುತ್ತದೆ.

ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನುವ ಬೆಟ್ಟದ ಊರು 1517ರಲ್ಲೇ ಒಂದು ನಿಯಮ ಮಾಡಿತ್ತು. ಚಳಿಗಾಲದಲ್ಲಿ ನಿನ್ನ ಸ್ವಂತ ಮೇವಿನಿಂದ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಗೋಮಾಳಕ್ಕೆ ಬಿಡಬೇಕು. ಎಷ್ಟು ಸರಳ ನೋಡಿ. ಆಮೇಲೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಊರೊಟ್ಟಿನ ಆಸ್ತಿ ಹಾಳಾಗಲೇಬೇಕು ಅಂತೇನಿಲ್ಲ ಎಂದು ತೋರಿಸಲು ಇದೇ ಊರನ್ನು ಉದಾಹರಣೆ ಕೊಟ್ಟರು.

ಇನ್ನು ಕಂದಾಯದ ಮಾತು. ರಷ್ಯಾದಲ್ಲಿ 1861ರಲ್ಲಿ ಜೀತದಾಳುಗಳನ್ನು ಬಿಡುಗಡೆ ಮಾಡಿದರು, ಆದರೆ ಹೆಚ್ಚಿನ ಕಡೆ ಭೂಮಿ ಕೊಟ್ಟಿದ್ದು ಒಬ್ಬೊಬ್ಬರಿಗಲ್ಲ, ‘ಮಿರ್’ ಎಂಬ ಊರಿನ ಕೂಟಕ್ಕೆ. ಅದಕ್ಕೆ ಪ್ರತಿಯಾಗಿ 49 ವರ್ಷ ಕಂತು ಕಟ್ಟಬೇಕು, ಕಟ್ಟುವ ಹೊಣೆ ಇಡೀ ಊರಿನದು. ಒಬ್ಬ ಕಟ್ಟದಿದ್ದರೆ ಉಳಿದವರ ತಲೆಗೆ. ಹಾಗಾಗಿ ಯಾರಾದರೂ ಊರು ಬಿಟ್ಟು ಹೋಗಬೇಕೆಂದರೆ ಊರಿನ ಒಪ್ಪಿಗೆ ಬೇಕಿತ್ತು. ಎಷ್ಟೋ ಕಡೆ ಮನೆಯಲ್ಲಿ ಬಾಯಿ ಎಷ್ಟು, ದುಡಿಯುವ ಕೈ ಎಷ್ಟು ಅಂತ ಎಣಿಸಿ ಹೊಲವನ್ನು ಮತ್ತೆ ಮತ್ತೆ ಹಂಚುತ್ತಿದ್ದರು. ದೂರದಿಂದ ನೋಡಿದವರು ಇದನ್ನು ಸಮಾನತೆ ಅಂದರು. ಸಮಾನತೆ ಹೌದು, ಆದರೆ ಸಾಲವನ್ನು ಹಂಚಿಕೊಂಡವರ ಸಮಾನತೆ.

ಎದೋ ಕಾಲದ (1603ರಿಂದ 1868) ಜಪಾನಿನಲ್ಲೂ ತೆರಿಗೆ ಊರಿನ ಲೆಕ್ಕದಲ್ಲೇ ಬೀಳುತ್ತಿತ್ತು. ಐದೈದು ಮನೆಗಳ ಗುಂಪು ಮಾಡಿ ಒಬ್ಬರಿಗೊಬ್ಬರನ್ನು ಹೊಣೆ ಮಾಡಿದ್ದರು. ಊರ ಮಾತು ಮೀರಿದ ಮನೆಗೆ ಬಹಿಷ್ಕಾರ ಹಾಕಿದರೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ, ಬೆಂಕಿ ಬಿದ್ದಾಗ ಮತ್ತು ಸಾವಾದಾಗ ಮಾತ್ರ ವಿನಾಯಿತಿ. ಅದನ್ನೂ ಕರುಣೆ ಅಂತ ಅಂದುಕೊಳ್ಳಬೇಕಿಲ್ಲ, ಬೆಂಕಿ ಪಕ್ಕದ ಮನೆಗೂ ಹಬ್ಬುತ್ತದಲ್ವಾ.

ನಮ್ಮಲ್ಲಿ ಊರಾಡಳಿತದ ಮಾತು ಬಂದಾಗಲೆಲ್ಲ ಉತ್ತರಮೇರೂರಿನ ಶಾಸನ ಹೊರಗೆ ಬರುತ್ತದೆ. ಚೋಳ ರಾಜ ಒಂದನೇ ಪರಾಂತಕನ ಕಾಲದ್ದು, ಹತ್ತನೇ ಶತಮಾನದ ಮೊದಲ ಭಾಗದ್ದು. 30 ವಾರ್ಡು, ಓಲೆಯ ಮೇಲೆ ಹೆಸರು ಬರೆದು ಕೊಡಕ್ಕೆ ಹಾಕುವುದು, ಚಿಕ್ಕ ಹುಡುಗನೊಬ್ಬನ ಕೈಯಲ್ಲಿ ಎತ್ತಿಸುವುದು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ನೆಂಟರಿಗೂ ಅವಕಾಶವಿಲ್ಲ. ಈ ನಿಯಮ ಓದಿದಾಗ ನನಗೆ ಖುಷಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಬ್ರಾಹ್ಮಣರ ಅಗ್ರಹಾರ. ಆಯ್ಕೆಗೆ ನಿಲ್ಲಲು ಕಂದಾಯ ಕಟ್ಟುವ ಜಮೀನು, ಸ್ವಂತ ಮನೆ, ವೇದದ ಓದು ಬೇಕು. ನಿಯಮ ಮಾಡುವಾಗ ರಾಜನ ಅಧಿಕಾರಿಯೂ ಪಕ್ಕದಲ್ಲೇ ಕೂತಿದ್ದ. ಆ ಹೊಲ ಉಳುತ್ತಿದ್ದವರ ಹೆಸರು ಕೊಡದೊಳಗೆ ಬೀಳುವಂತಿರಲಿಲ್ಲ.

ಬೇಕಾದ್ದೆಲ್ಲ ಊರೊಳಗೇ ಅನ್ನುವ ಮಾತೂ ಅಷ್ಟೇ. ಕಮ್ಮಾರ, ಬಡಗಿ, ಕುಂಬಾರ, ಅಗಸ ಹೀಗೆ ಆಯಗಾರರು ಇದ್ದರು, ಸುಗ್ಗಿಯಲ್ಲಿ ಕಣದಲ್ಲೇ ಧಾನ್ಯದ ಪಾಲು ಪಡೆಯುತ್ತಿದ್ದರು, ನಿಜ. ಆದರೆ ಉಪ್ಪು, ಕಬ್ಬಿಣ ಎಲ್ಲ ಊರಲ್ಲೂ ಸಿಗುತ್ತಿತ್ತೇ? ಸಂತೆಗಳು ಇದ್ದದ್ದೇ ಅದಕ್ಕೆ. ಆ ಪಾಲು ಹಂಚುವಾಗಲೂ ಯಾರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಜಾತಿ ಮೊದಲೇ ತೀರ್ಮಾನಿಸಿರುತ್ತಿತ್ತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮೆಟ್ಕಾಫ್‌ನ ಮಾತನ್ನೇ ಎತ್ತಿಕೊಂಡು, ಹಳ್ಳಿ ಅಂದರೆ ಸಂಕುಚಿತ ಬುದ್ಧಿ, ಅಜ್ಞಾನ, ಕೋಮುಭಾವನೆಯ ಗೂಡು ಎಂದು ಖಡಾಖಂಡಿತವಾಗಿ ಹೇಳಿದರು. ಸಂವಿಧಾನದ ಘಟಕ ಹಳ್ಳಿಯಲ್ಲ, ವ್ಯಕ್ತಿ ಎಂದರು. ಗಾಂಧಿಯ ಹಾದಿಯವರಿಗೆ ಬೇಜಾರಾಯಿತು, ಕೊನೆಗೆ ಪಂಚಾಯತಿ 40ನೇ ವಿಧಿಯಲ್ಲಿ ಬರೀ ನಿರ್ದೇಶಕ ತತ್ವವಾಗಿ ಸೇರಿತು. 73ನೇ ತಿದ್ದುಪಡಿ ಜಾರಿಗೆ ಬಂದು ಪಂಚಾಯತಿಗೆ ಸಂವಿಧಾನದ ಬಲ ಸಿಕ್ಕಿದ್ದು 1993ರ ಏಪ್ರಿಲ್ 24ರಂದು. ಪರಿಶಿಷ್ಟರಿಗೂ ಮಹಿಳೆಯರಿಗೂ ಮೀಸಲು ಕಡ್ಡಾಯವಾಯಿತು. ನನ್ನ ಲೆಕ್ಕದಲ್ಲಿ ಅಲ್ಲಿ ಅಂಬೇಡ್ಕರ್ ವಾದವೂ ಅರ್ಧ ಗೆದ್ದಿದೆ. ಊರಿಗೆ ಅಧಿಕಾರ ಕೊಟ್ಟರು, ಆದರೆ ಯಾರು ಕೂರಬೇಕು ಅನ್ನುವುದನ್ನು ಪೂರ್ತಿ ಊರಿಗೇ ಬಿಡಲಿಲ್ಲ.

ಹಳೆಯ ಗಂಟು ಬಿಚ್ಚಿದ್ದೂ ಹೆಚ್ಚಿನ ಕಡೆ ಕಾನೂನೇ. ಇಂಗ್ಲೆಂಡಿನಲ್ಲಿ 1604ರಿಂದ 1914ರವರೆಗೆ 5,200ಕ್ಕೂ ಜಾಸ್ತಿ ಮಸೂದೆಗಳು ಬಂದು, ಊರೊಟ್ಟಿನ ಹೊಲ, ಹುಲ್ಲುಗಾವಲು ಒಬ್ಬೊಬ್ಬರ ಪಾಲಾಗಿ ಸುಮಾರು 68 ಲಕ್ಷ ಎಕರೆಗೆ ಬೇಲಿ ಬಿತ್ತು. ಒಂದೆರಡು ಹಸು ಇಟ್ಟುಕೊಂಡು ಊರ ಹುಲ್ಲುಗಾವಲನ್ನೇ ನಂಬಿದ್ದವರು ಕೂಲಿಗೆ ಹೋಗಬೇಕಾಯಿತು. ಮದ್ರಾಸ್ ಪ್ರಾಂತ್ಯದಲ್ಲಿ ಥಾಮಸ್ ಮನ್ರೋ ನೆಲೆಗೊಳಿಸಿದ ರೈತವಾರಿ ಪದ್ಧತಿ ರೈತನನ್ನು ನೇರವಾಗಿ ಸರ್ಕಾರದ ಎದುರು ನಿಲ್ಲಿಸಿತು. ರಷ್ಯಾದಲ್ಲಿ 1906ರಲ್ಲಿ ಪ್ರಧಾನಿ ಸ್ಟಾಲಿಪಿನ್ ಮಿರ್ ಕೂಟ ಬಿಟ್ಟು ಹೋಗಲು ದಾರಿ ಮಾಡಿಕೊಟ್ಟ. ಸ್ಟಾಲಿನ್ ಕಾಲದಲ್ಲಿ ಅದೇ ರೈತರನ್ನು ಸಾಮೂಹಿಕ ಬೇಸಾಯಕ್ಕೆ ಬಲವಂತವಾಗಿ ತಳ್ಳಿದರು. ಮೇಲಿನಿಂದ ಕಟ್ಟಿದ ಇಂಥ ಸಮುದಾಯಗಳು ಹೆಚ್ಚಿನವು ಚೆನ್ನಾಗಿ ನಡೆಯಲಿಲ್ಲ, ತಾಂಜಾನಿಯಾದಲ್ಲಿ ಕೂಡಿ ಬೇಸಾಯ ಮಾಡಲೆಂದು ಸರ್ಕಾರ ಕಟ್ಟಿದ ‘ಉಜಾಮಾ’ ಹಳ್ಳಿಗಳೂ ಇದಕ್ಕೆ ಹೊರತಲ್ಲ.

ಈಗ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ, ಕೊಳವೆಬಾವಿ ಒಬ್ಬರದೇ, ತೆರಿಗೆ ಹೆಸರು ಹೆಸರಿಗೆ ಬರುತ್ತದೆ. ಕೂಡಿ ಮಾಡಲೇಬೇಕಾದ ಕೆಲಸ ಕಡಿಮೆಯಾದ ಕಡೆ ಕೂಡುವುದೂ ಕಡಿಮೆಯಾಗಿದೆ. ಜಪಾನಿನಲ್ಲಿ ಪರಿಸ್ಥಿತಿ ಉಲ್ಟಾ. ಕೆಲಸ ಇದೆ, ಕೈಗಳಿಲ್ಲ. ಅರ್ಧಕ್ಕಿಂತ ಜಾಸ್ತಿ ಜನ 65 ದಾಟಿದ, ಊರೊಟ್ಟಿನ ಕೆಲಸ ಸಾಗಿಸುವುದೇ ಕಷ್ಟವಾದ ಊರುಗಳಿಗೆ ಅಲ್ಲಿ ‘ಗೆಂಕಾಯ್ ಶೂರಾಕು’ ಅನ್ನುತ್ತಾರೆ, ಅಂದರೆ ಅಂಚಿಗೆ ಬಂದು ನಿಂತ ಹಳ್ಳಿ. ಗದ್ದೆಯ ಕಾಲುವೆ ಹೂಳೆತ್ತುವುದು, ದಾರಿಯ ಹುಲ್ಲು ಸವರುವುದು, ಹೆಣ ಎತ್ತುವುದು, ಇವೆಲ್ಲ ಊರೇ ಸೇರಿ ಮಾಡುತ್ತಿದ್ದ ಕೆಲಸ. ಕೆಲವು ಕಡೆ ಪಟ್ಟಣ ಸೇರಿದ ಮಕ್ಕಳು ಕಾಲುವೆ ಕೆಲಸದ ದಿನಕ್ಕೆ ಬಂದು ಹೋಗುತ್ತಾರೆ. ಯಾರೂ ಬಾರದ ಕಡೆ ಮೇಲಿನ ಗದ್ದೆಗಳನ್ನು ಒಂದೊಂದಾಗಿ ಬೀಳು ಬಿಡುತ್ತಿದ್ದಾರೆ.