ಸ್ಪಾರ್ಟಾಗೆ ಇಬ್ಬರು ರಾಜರು ಯಾಕೆ?

ಪ್ರಶ್ನೆ: ಒಂದೇ ಒರೆಯಲ್ಲಿ ಎರಡು ಕತ್ತಿ ಇರಲ್ಲ ಅಂತಾರೆ. ಪ್ರಾಚೀನ ಗ್ರೀಸಿನ ಸ್ಪಾರ್ಟಾದಲ್ಲಿ ಒಂದೇ ಕಾಲಕ್ಕೆ ಇಬ್ಬರು ರಾಜರಿದ್ದರಂತೆ. ಜಗಳ ಆಗುತ್ತಿರಲಿಲ್ಲವೇ?

ಉತ್ತರ: ಆಗುತ್ತಿತ್ತು, ಚೆನ್ನಾಗೇ ಆಗುತ್ತಿತ್ತು!

ಮೊದಲು ಸ್ಪಾರ್ಟಾದವರು ಹೇಳುತ್ತಿದ್ದ ಕಥೆ ಕೇಳಿ. ಬರೆದಿಟ್ಟವನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ರಾಜ ಅರಿಸ್ಟೊಡೆಮಸ್‌ಗೆ ಅವಳಿ ಗಂಡುಮಕ್ಕಳು ಹುಟ್ಟಿದವು. ಅಷ್ಟರಲ್ಲೇ ಅವನು ತೀರಿಕೊಂಡ. ಪಟ್ಟ ಹಿರಿಯವನಿಗೆ ಸಲ್ಲಬೇಕು. ಹಿರಿಯವನು ಯಾರು? ತಾಯಿ ನನಗೂ ಗೊತ್ತಿಲ್ಲ ಅಂದುಬಿಟ್ಟಳು. ಇಬ್ಬರೂ ರಾಜರಾಗಲಿ ಅನ್ನೋದು ಅವಳ ಆಸೆ. ಪೂಜಾರಿಣಿಯ ಬಾಯಲ್ಲಿ ದೇವರು ಅಪ್ಪಣೆ ಕೊಡುತ್ತಾನೆಂದು ಗ್ರೀಕರು ನಂಬಿದ್ದ ಡೆಲ್ಫಿ ಗುಡಿಯಲ್ಲಿ ಕೇಳಿದರೆ, ಇಬ್ಬರಿಗೂ ಪಟ್ಟ ಕಟ್ಟಿ, ಹಿರಿಯನಿಗೆ ಮರ್ಯಾದೆ ಜಾಸ್ತಿ ಕೊಡಿ ಎಂದು ಅಪ್ಪಣೆಯಾಯಿತು. ಮತ್ತೆ ಅದೇ ತೊಡಕು ಅಲ್ವಾ? ಕೊನೆಗೆ ಒಬ್ಬ ಉಪಾಯ ಹೇಳಿದ: ತಾಯಿ ಯಾವ ಮಗುವಿಗೆ ಮೊದಲು ನೀರು ಹಾಕಿ ಹಾಲುಣಿಸುತ್ತಾಳೋ ಸುಮ್ನೆ ನೋಡ್ತಾ ಇರಿ. ನೋಡಿದರೆ ಪ್ರತಿ ಸಲವೂ ಒಂದೇ ಮಗುವಿಗೆ ಮೊದಲ ಸರದಿ. ಗುಟ್ಟು ರಟ್ಟಾಯಿತು. ಆ ಅವಳಿಗಳಿಂದ ಬೆಳೆದವು ಅಗಿಯಡ್ ಮತ್ತು ಯೂರಿಪಾಂಟಿಡ್ ಎಂಬ ಎರಡು ರಾಜಮನೆತನಗಳು.

ಇದು ಕಥೆ. ಎರಡು ಗುಂಪುಗಳು ಕೂಡಿ ಸ್ಪಾರ್ಟಾ ಆದಾಗ ಇಬ್ಬರು ನಾಯಕರನ್ನೂ ಉಳಿಸಿಕೊಂಡಿರಬೇಕು ಅನ್ನೋದು ಹಲವು ಇತಿಹಾಸಕಾರರ ಊಹೆ.

ಈಗ ಜಗಳಕ್ಕೆ ಬರೋಣ. ಕ್ರಿ.ಪೂ. 506ರ ಸುಮಾರಿಗೆ ಆಗಿನ ಇಬ್ಬರು ರಾಜರು, ಕ್ಲಿಯೊಮೆನೆಸ್ ಮತ್ತು ಡೆಮರಾಟಸ್, ಅಥೆನ್ಸ್ ಮೇಲೆ ದಂಡೆತ್ತಿ ಹೋದರು. ಅಥೆನ್ಸ್ ಹತ್ತಿರದ ಎಲ್ಯೂಸಿಸ್ ತಲುಪಿದ ಮೇಲೆ ಡೆಮರಾಟಸ್ ಕೈಕೊಟ್ಟು ವಾಪಸ್ ಹೊರಟ. ಯುದ್ಧವೇ ನಿಂತುಹೋಯಿತು. ಆಮೇಲೆ, ದಂಡಿನ ಜೊತೆ ಒಬ್ಬನೇ ರಾಜ ಹೋಗಬೇಕು ಎಂದು ಕಾನೂನು ಮಾಡಿದರು.

ಕ್ಲಿಯೊಮೆನೆಸ್ ಇದನ್ನು ಮರೆಯಲಿಲ್ಲ. ಡೆಮರಾಟಸ್ ಹುಟ್ಟಿದ ಸುದ್ದಿ ಬಂದಾಗ ಅವನಪ್ಪ ಅರಿಸ್ಟನ್ ಅಧಿಕಾರಿಗಳ ಜೊತೆ ಕೂತಿದ್ದ. ಬೆರಳಲ್ಲಿ ತಿಂಗಳು ಎಣಿಸಿ, ಇದು ನನ್ನ ಮಗು ಆಗಿರಲಾರದು ಅಂದಿದ್ದ. ಆ ಹಳೇ ಮಾತನ್ನು ಕೆದಕಿ, ಡೆಲ್ಫಿಯ ಪೂಜಾರಿಣಿಯನ್ನೂ ತನ್ನ ಕಡೆ ಮಾಡಿಕೊಂಡು, ಕ್ರಿ.ಪೂ. 491ರ ಸುಮಾರಿಗೆ ಕ್ಲಿಯೊಮೆನೆಸ್ ಅವನನ್ನು ಪಟ್ಟದಿಂದ ಇಳಿಸಿದ. ಡೆಮರಾಟಸ್ ಪರ್ಷಿಯಾ ಸೇರಿದ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ರಾಜ ಕ್ಸರ್ಕ್ಸಿಸ್ ಗ್ರೀಸಿನ ಮೇಲೆ ಬಂದಾಗ ಅವನೂ ಜೊತೆಗಿದ್ದ.

ಹೀಗಿದ್ದೂ ಈ ಪದ್ಧತಿ ನೂರಾರು ವರ್ಷ ಬಾಳಿದ್ದು ಹೇಗೆ? ನನಗನ್ನಿಸುವಂತೆ, ಉಳಿದವರಿಗೆ ಈ ಜಗಳವೇ ಬೇಕಿತ್ತು. ರಾಜರ ಒಡಕೇ ರಾಜ್ಯಕ್ಕೆ ರಕ್ಷೆ ಎಂದು ಸ್ಪಾರ್ಟಾದವರು ನಂಬಿದ್ದರೆಂದು ಅರಿಸ್ಟಾಟಲ್ ಬರೆದಿದ್ದಾನೆ. ವರ್ಷಕ್ಕೊಮ್ಮೆ ಆಯ್ಕೆಯಾಗುವ ಎಫೋರರು ಎಂಬ ಐವರು ಅಧಿಕಾರಿಗಳೂ ರಾಜರ ಮೇಲೆ ಕಣ್ಣಿಟ್ಟಿರುತ್ತಿದ್ದರು. ರಾಜ ಬಂದರೆ ಎಲ್ಲರೂ ಎದ್ದು ನಿಲ್ಲಬೇಕು. ಎಫೋರರು ಮಾತ್ರ ಕೂತೇ ಇರುತ್ತಿದ್ದರು! ಕಾನೂನಿನಂತೆ ಆಳುತ್ತೇವೆ ಎಂದು ರಾಜರು ತಿಂಗಳು ತಿಂಗಳು ಆಣೆ ಇಡಬೇಕಿತ್ತು. ಹಾಗಿದ್ದರೆ ನಿಮ್ಮ ಪಟ್ಟ ಅಲುಗಿಸುವುದಿಲ್ಲ ಎಂದು ಎಫೋರರ ಮರು-ಆಣೆ.

ಈ ಪದ್ಧತಿಯನ್ನು ಮುರಿದವನೂ ಒಬ್ಬ ಕ್ಲಿಯೊಮೆನೆಸ್ಸೇ, ಆ ಹೆಸರಿನ ಮೂರನೆಯವನು. ಕ್ರಿ.ಪೂ. 227ರಲ್ಲಿ ಎಫೋರರನ್ನು ಕೊಲ್ಲಿಸಿ, ಎರಡನೇ ಸಿಂಹಾಸನದಲ್ಲಿ ಸ್ವಂತ ತಮ್ಮನನ್ನೇ ಕೂರಿಸಿದ. ಲೆಕ್ಕಕ್ಕೆ ರಾಜರು ಇಬ್ಬರೇ, ಮನೆ ಮಾತ್ರ ಒಂದೇ. ಐದು ವರ್ಷದಲ್ಲಿ ಸೆಲ್ಲೇಸಿಯಾ ಯುದ್ಧದಲ್ಲಿ ಸೋತು ಈಜಿಪ್ಟಿಗೆ ಓಡಿಹೋದ.