ಮೊಜಿಬಾಕೆ ಅಂದರೇನು?

ವೆಬ್ ಪುಟದಲ್ಲಿ ಕನ್ನಡ ಬರಬೇಕಾದ ಕಡೆ ತಲೆ ಮೇಲೆ ಗೆರೆ ಎಳೆದ ಇಂಗ್ಲಿಷಿನ ಎ, ಪಕ್ಕದಲ್ಲಿ ಮೇಲಕ್ಕೇರಿ ಕೂತ ಪುಟಾಣಿ 2, ಆಮೇಲೊಂದು ದಪ್ಪ ಚುಕ್ಕೆ, ಇಂಥದ್ದು ನೋಡಿದ್ದೀರಾ? ಅದು ನಮ್ಮ ‘ಕ’ನೇ! ಈ ವೇಷಕ್ಕೆ ಮೊಜಿಬಾಕೆ ಅಂತಾರೆ. ಜಪಾನಿ ಪದ. ‘ಮೊಜಿ’ ಅಂದರೆ ಅಕ್ಷರ, ‘ಬಾಕೆ’ ಅಂದರೆ ರೂಪ ಬದಲಾಗುವುದು.

ಆಗಿರುವುದು ಇಷ್ಟೇ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಅನ್ನುವ ಸಂಖ್ಯೆಗಳಾಗಿ ಇಡುತ್ತದೆ. ಎಲ್ಲ ಭಾಷೆಗೂ ಆಗುವ ಯುಟಿಎಫ್-8 ಅನ್ನುವ ಲೆಕ್ಕದಲ್ಲಿ ‘ಕ’ ಅಂದರೆ 3 ಬೈಟ್: 224, 178, 149. ಅದನ್ನೇ ಹಳೆಯ ವಿಂಡೋಸ್-1252 ಲೆಕ್ಕದಲ್ಲಿ ಓದಿದರೆ ಒಂದು ಬೈಟಿಗೆ ಒಂದು ಅಕ್ಷರ, ಹಾಗಾಗಿ ಒಂದು ‘ಕ’ ಮೂರು ಚೂರಾಗುತ್ತದೆ. ಕನ್ನಡದ ಯಾವ ಅಕ್ಷರ ತಗೊಂಡರೂ ಮೊದಲ ಬೈಟ್ 224, ಎರಡನೆಯದು 178 ಇಲ್ಲವೇ 179. ಅದಕ್ಕೇ ಪುಟ ತುಂಬ ಅದೇ ಎ, ಅದೇ ಪುಟಾಣಿ 2 ಅಥವಾ 3 ಕಾಣುವುದು.

ಬೈಟುಗಳು ಹಾಳಾಗಿಲ್ಲ, ಓದಿದ ರೀತಿ ತಪ್ಪು ಅಷ್ಟೇ. ಆದರೆ ಎಲ್ಲಾ ಕಡೆ ಪ್ರಶ್ನೆ ಚಿಹ್ನೆಯೇ ಕಂಡರೆ, ಡೇಟಾಬೇಸ್ ಒಳಗೂ ಅದೇ ಇದ್ದರೆ, ಕಥೆ ಮುಗೀತು. ವಿಂಡೋಸ್-1252ರ ಥರದ್ದೇ ಇನ್ನೊಂದು ಹಳೆ ಲೆಕ್ಕ ಲ್ಯಾಟಿನ್-1ರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ್ದರಿಂದ ಬದಲಿಗೆ ಪ್ರಶ್ನೆ ಚಿಹ್ನೆ ಕೂತಿರುತ್ತದೆ, ಮೂಲ ಅಕ್ಷರ ಹೋಗಿರುತ್ತದೆ.

ಪಿಎಚ್‌ಪಿ (ವೆಬ್‌ಸೈಟ್ ಕಟ್ಟುವ ಪ್ರೋಗ್ರಾಮಿಂಗ್ ಭಾಷೆ) ಬರೆಯುವವರು ಕಸ ಕಂಡ ತಕ್ಷಣ ಸುಮ್ನೆ ‘ಯುಟಿಎಫ್8_ಎನ್‌ಕೋಡ್’ ಹಾಕಿಬಿಡುತ್ತಾರೆ. ನಾನೂ ಹಾಕಿದ್ದೆ. ಅದು ಲ್ಯಾಟಿನ್-1ನ್ನು ಯುಟಿಎಫ್-8 ಮಾಡುವ ಫಂಕ್ಷನ್, ನಮ್ಮ ಪಠ್ಯ ಮೊದಲೇ ಯುಟಿಎಫ್-8 ಆಗಿದ್ದರೆ 3 ಬೈಟ್ ಇದ್ದದ್ದು 6 ಆಗಿ ಕಸ ಇನ್ನೂ ಗಟ್ಟಿಯಾಗುತ್ತದೆ. ಹೆಸರೇ ದಾರಿ ತಪ್ಪಿಸುತ್ತದೆ ಅಲ್ವಾ? ಪಿಎಚ್‌ಪಿ 8.2ರಿಂದ ಅದನ್ನು ಬಳಸಬೇಡಿ ಅಂತ ಭಾಷೆಯೇ ಎಚ್ಚರಿಸುತ್ತದೆ.

ನಿಜವಾದ ತಲೆನೋವು ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್‌ನದು. 8.0 ಬರುವವರೆಗೂ ಅದರ ಡೀಫಾಲ್ಟ್ ಲ್ಯಾಟಿನ್1 ಆಗಿತ್ತು. ಟೇಬಲ್ಲೂ ಲ್ಯಾಟಿನ್1, ಸೈಟಿಗೂ ಡೇಟಾಬೇಸಿಗೂ ನಡುವಿನ ಕನೆಕ್ಷನ್ನೂ ಲ್ಯಾಟಿನ್1 ಇದ್ದಾಗ ಕನ್ನಡದ ಬೈಟುಗಳು ಹಾಗೇ ಒಳಗೆ ಹೋಗಿ ಹಾಗೇ ಹೊರಗೆ ಬರುತ್ತವೆ. ವರ್ಷಗಟ್ಟಲೆ ಎಲ್ಲಾ ಸರಿಯಾಗೇ ಕಾಣುತ್ತದೆ. ಒಂದು ದಿನ ಯಾರೋ ಒಳ್ಳೆ ಉದ್ದೇಶದಿಂದಲೇ ಕನೆಕ್ಷನ್ನನ್ನು ‘ಯುಟಿಎಫ್8ಎಂಬಿ4’ (ಅದರ ಪೂರ್ತಿ ಯುಟಿಎಫ್-8) ಮಾಡಿದರೆ ಅವತ್ತೇ ಹಳೆ ಬರಹವೆಲ್ಲ ಮೊಜಿಬಾಕೆ. ಆಗ ಕನೆಕ್ಷನ್ ಹಿಂದಕ್ಕೆ ತಿರುಗಿಸಬೇಡಿ. ಬ್ಯಾಕಪ್ ತೆಗೆದು, ಆ ಕಾಲಮ್ಮನ್ನು ಮೊದಲು ಬ್ಲಾಬ್ ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಟೆಕ್ಸ್ಟ್ ಮಾಡಿ. ಬ್ಲಾಬ್‌ಗೆ ಅಕ್ಷರದ ಗೊಡವೆ ಇಲ್ಲ, ಬೈಟ್ ಮುಟ್ಟುವುದಿಲ್ಲ. ನೇರವಾಗಿ ಬದಲಿಸಿದರೆ ಮೈಎಸ್‌ಕ್ಯೂಎಲ್ ಆ ಕಸವನ್ನೇ ನಂಬಿ ಶ್ರದ್ಧೆಯಿಂದ ಪರಿವರ್ತಿಸುತ್ತದೆ.

ಅಂದ ಹಾಗೆ, ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫೈಲಿನಲ್ಲಿ ‘ಕನ್ನಡ’ ಅಂತ ಇರಬೇಕಾದ ಕಡೆ ಪಿ, ಪೌಂಡ್ ಗುರುತು ಎಲ್ಲಾ ಕಂಡರೆ ಅದು ಮೊಜಿಬಾಕೆ ಅಲ್ಲ. ಅಲ್ಲಿ ಇರುವುದೇ ಇಂಗ್ಲಿಷ್ ಅಕ್ಷರ, ಕನ್ನಡದ ಆಕಾರ ಕೊಡುತ್ತಿದ್ದದ್ದು ಫಾಂಟು. ಅದಕ್ಕೆ ನುಡಿಯಿಂದ ಯುನಿಕೋಡಿಗೆ ಬದಲಿಸುವ ಕನ್ವರ್ಟರೇ ಬೇಕು.